ಅಮಾವಾಸ್ಯೆಗೆ ಬನ್ನಿ ಮೇಡಂ

ಪಾಲಾಕ್ಷನ ಬೂಟು ನನ್ನ ಕಣ್ಣೆದುರಿಗೇ ಬಂದು ನಿಂತಿತು!

ನಮ್ಮಿಬ್ಬರ ನಡುವೆ ಇದ್ದದ್ದು ಮಗ್ಗಕ್ಕೆ ಉದ್ದಕ್ಕೆ ಹಾಸಿದ ರೇಷ್ಮೆ ಎಳೆಗಳು. ಅಷ್ಟೇ.

ಮೊಳಕಾಲ್ಮೂರಿನ ಕೈಮಗ್ಗ ನೋಡಿದ್ದೀರಾ? ನೇಯುವವರು ನೆಲದಂಚಿಗೆ ಕೂತು, ಗುಂಡಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಆ ಗುಂಡಿಯೊಳಗೆ ನಾನು ಮುದುರಿ ಕೂತಿದ್ದೆ. ಮೇಲೆ ಜೋಗಮ್ಮ ನೇಯುತ್ತಿದ್ದಳು. ನಾಲ್ಕನೇ ಕ್ಲಾಸಿನಲ್ಲಿರಬೇಕಾದ ಹುಡುಗಿ! ಅವಳು ತುಳಿದಾಗಲೆಲ್ಲ ಹಲಗೆ ನನ್ನ ಭುಜಕ್ಕೆ ಬಡಿಯುತ್ತಿತ್ತು.

ಬಡಿಯಲಿ... ನಿಲ್ಲಿಸಬೇಡ ತಾಯಿ... ನೇಯುತ್ತಾ ಇರು!

"ಯಾರಾನ ಬಂದಿದ್ರೇನ್ರೇ ಇಲ್ಲಿಗೆ?" ಪಾಲಾಕ್ಷ ಗುಡುಗಿದ.

ಶೆಡ್ಡಿನ ತುಂಬಾ ಮಕ್ಕಳು. ಎಲ್ಲವೂ ತಲೆಯೆತ್ತದೆ ನೇಯುತ್ತಲೇ ಇದ್ದವು.

ನನ್ನ ಹೆಸರು ತಿಪ್ಪೇರುದ್ರಮ್ಮ. ಊರು ನಾಯಕನಹಟ್ಟಿ. ಮಕ್ಕಳ ಆಯೋಗ ಶುರುವಾದ ಹೊಸತು, ನಾನು ಅದರ ತನಿಖಾಧಿಕಾರಿ. ಮಕ್ಕಳನ್ನು ಕಾಯುವವರು ಸರಿಯಾಗಿ ಕಾಯುತ್ತಾರಾ ಅಂತ ನೋಡುವ ಕೆಲಸ. ಆಫೀಸಿನಲ್ಲಿ ನನ್ನನ್ನು ಗಟ್ಟಿಗಿತ್ತಿ ಅನ್ನುತ್ತಾರೆ. ಆ ಗುಂಡಿಯೊಳಗೆ ನನ್ನನ್ನು ನೋಡಬೇಕಿತ್ತು! ಹಲ್ಲು ಕಟಕಟ ಅನ್ನದಂತೆ ಸೆರಗು ಕಚ್ಚಿಕೊಂಡಿದ್ದೆ.

ಇದೆಲ್ಲ ಶುರುವಾದದ್ದು ಹುಚ್ಚಕ್ಕನಿಂದ.

ಹುಚ್ಚಕ್ಕ ಕುರಿ ಮೇಯಿಸುವವಳು. ಮೇವು ಸಿಕ್ಕಲ್ಲಿಗೆ ಕುರಿ, ಕುರಿ ಹೋದಲ್ಲಿಗೆ ಅವಳು. ಮಗಳು ಓದಲಿ ಅಂತ ಚಳ್ಳಕೆರೆಯ ಒಂದು ಖಾಸಗಿ ಮಕ್ಕಳ ಮನೆಗೆ ಬಿಟ್ಟಿದ್ದಳು. ಪಾಲಾಕ್ಷ ಅದರ ವಾರ್ಡನ್ನು.

"ಹಬ್ಬಕ್ಕೆ ಕರ್ಕಂಬರಾಕೆ ಹೋದ್ರೆ, ನಿನ್ ಮಗ್ಳು ಓಡೋದ್ಲು ಅಂದ್ರವ್ವಾ," ಎಂದು ನನ್ನ ಕಾಲ ಬಳಿ ಕುಸಿದಳು. "ಹೋದ್ ಸಲ ನೋಡ್ದಾಗ ಬೆರಳ ತುಂಬಾ ಎಳೆ ಕುಯ್ದ ಗಾಯ ಇತ್ತು. ನನ್ ಜೋಗೀನ ಹುಡುಕಿ ಕೊಡ್ರವ್ವಾ..."

ಆ ಮಕ್ಕಳ ಮನೆಯನ್ನು ತಪಾಸಣೆ ಮಾಡುತ್ತಿದ್ದವನು ಜಂಬುಲಿಂಗಪ್ಪ. ಇಲಾಖೆಯ ಇನ್ಸ್‌ಪೆಕ್ಷನ್ ಆಫೀಸರು. ಫೋನ್ ಮಾಡಿದೆ. ಮಾತು ಬೆಣ್ಣೆ!

"ಅಮಾಸೆ ದಿನ ಬನ್ನಿ ಮೇಡಂ. ಎಲ್ಲಾ ಮಕ್ಳೂ ಇರ್ತಾವೆ. ಹೋಳ್ಗೆ ಊಟ ಮಾಡ್ಸನ."

ಫೋನಿಟ್ಟೆ. ಆದರೆ ಆ ಮಾತು ತಲೆಯಿಂದ ಇಳಿಯಲಿಲ್ಲ. ನಮ್ಮ ಕಡೆ ಅಮಾವಾಸ್ಯೆ ದಿನ ಸರ್ಕಾರಿ ಜನರನ್ನು ಊಟಕ್ಕೆ ಕರೆಯುವವರುಂಟೇ? ವಿಚಾರಿಸಿದೆ. ಹಿಂದಿನ ತಪಾಸಣೆಗಳೂ ಅಮಾವಾಸ್ಯೆಗೇ ಆಗಿದ್ದವು!

ಬೆರಳಲ್ಲಿ ಎಳೆ ಕುಯ್ದ ಗಾಯ... ಅಮಾವಾಸ್ಯೆ...

ಹೊಳೆಯಿತು! ನೇಕಾರರು ಅಮಾವಾಸ್ಯೆ ದಿನ ಮಗ್ಗ ಮುಟ್ಟುವುದಿಲ್ಲ. ಅವತ್ತು ರಜೆ. ಅವತ್ತು ಮಾತ್ರ ಮಕ್ಕಳು ಮಕ್ಕಳ ಮನೆಯಲ್ಲಿರುತ್ತಾರೆ!

ನಾನು ಅಮಾವಾಸ್ಯೆಯ ಹಿಂದಿನ ದಿನವೇ ಚಳ್ಳಕೆರೆಗೆ ನುಗ್ಗಿದೆ. ಮನೆ ಖಾಲಿ! ಗೂಟಕ್ಕೆ ತೂಗುಹಾಕಿದ ಯೂನಿಫಾರಂಗಳ ಮೇಲೆ ಧೂಳು ಕೂತಿತ್ತು. ಅಡುಗೆಯವಳು ಪಾತಮ್ಮ ನನ್ನನ್ನು ಕಂಡವಳೇ ಬೆವೆತಳು.

"ಮಕ್ಕಳೆಲ್ಲಿ?"

"ಇಸ್ಕೂಲಿಗೆ..."

"ಇವತ್ತು ಭಾನುವಾರ ಪಾತಮ್ಮ!"

ಈ ಸೀಮೆಯಲ್ಲಿ ರೇಷ್ಮೆ ಮಗ್ಗ ಅಂದರೆ ಮೊಳಕಾಲ್ಮೂರೇ. ಜೀಪು ಹತ್ತಿದೆ. ನನ್ನ ಜೀಪು ಗೇಟು ದಾಟುತ್ತಿದ್ದಂತೆ ಪಾಲಾಕ್ಷನಿಗೆ ಫೋನು ಹೋಯಿತು ಅಂತ ಆಮೇಲೆ ಗೊತ್ತಾಯಿತು.

ಮೊಳಕಾಲ್ಮೂರಿನಲ್ಲಿ ಡ್ರೈವರ್ ಗಂಗರಾಜುವಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಜೀಪು ನಿಲ್ಲಿಸಲು ಹೇಳಿ, ಬೀದಿ ಬೀದಿ ನಡೆದೆ. ಎಲ್ಲ ಮನೆಗಳಲ್ಲೂ ಬಾಗಿಲು ತೆರೆದು ನೇಯುತ್ತಿದ್ದರು. ಒಂದು ತಗಡಿನ ಶೆಡ್ಡು ಮಾತ್ರ ಬಾಗಿಲು ಹಾಕಿಕೊಂಡಿತ್ತು. ಒಳಗಿಂದ ಮಗ್ಗದ ಸದ್ದು. ಹೊರಗಿನ ಚಿಲಕ ತೆಗೆದು ಒಳಗೆ ಕಾಲಿಟ್ಟೆ. ಎಷ್ಟೊಂದು ಮಕ್ಕಳು!

"ಜೋಗಮ್ಮ ಯಾರು?"

ಮೂಲೆಯಲ್ಲಿ ಒಂದು ಕೈ ಮೇಲೆದ್ದಿತು.

ಅಷ್ಟರಲ್ಲಿ ಹೊರಗೆ ಬೈಕಿನ ಸದ್ದು!

"ಅಕ್ಕಾ, ಅವ್ನೇ! ಗುಂಡ್ಯಾಗೆ ಇಳೀರಿ!" ಎಂದಳು ಅವಳು. ಇಳಿದೆ.

ಈಗ ಇನ್ನೊಂದು ಗಾಡಿ ಬಂದು ನಿಂತಿತು. ಬೆಣ್ಣೆಯಂಥ ಅದೇ ದನಿ. ಜಂಬುಲಿಂಗಪ್ಪ!

"ಲೇ ಪಾಲಾಕ್ಷ, ಆಯಮ್ಮ ಊರಾಗೇ ಅವ್ಳೆ. ಎಲ್ಲಾರ್ನೂ ಟೆಂಪೋಗೆ ತುಂಬು. ರಾಯದುರ್ಗದ ರೋಡ್ನಾಗೆ ಗಡಿ ದಾಟಿದ್ರೆ ಆಂಧ್ರ. ಅಲ್ಲಿ ಅವಳ್ದೇನೂ ನಡೆಯಾಕಿಲ್ಲ."

"ತ್ವರಗಾ ರಂಡಿ ಸಾರ್!" ಬೇಗ ಬನ್ನಿ ಅಂತ ಟೆಂಪೋ ಡ್ರೈವರ್ ಹೊರಗಿನಿಂದ ತೆಲುಗಿನಲ್ಲಿ ಕೂಗಿದ.

ಗಡಿ ದಾಟಿದರೆ ಈ ಮಕ್ಕಳು ಮತ್ತೆ ಸಿಗುವುದಿಲ್ಲ!

ಮಕ್ಕಳು ಒಬ್ಬೊಬ್ಬರಾಗಿ ಎದ್ದರು. ಜೋಗಮ್ಮ ಎದ್ದರೆ ನನ್ನ ಕತೆ ಮುಗಿಯಿತು.

"ಏ ಜೋಗಿ, ಏಳೇ!"

"ಎಳೆ ಹರಿದೈತಣ್ಣಾ... ಗಂಟು ಹಾಕಿ ಬರ್ತೀನಿ."

ಹರಿದ ಎಳೆ ಹಾಗೇ ಬಿಟ್ಟರೆ ಸೀರೆ ಕೆಡುತ್ತದೆ. ಪಾಲಾಕ್ಷ ಮಕ್ಕಳನ್ನು ಕೆಡಿಸಿಯಾನು, ಸೀರೆ ಕೆಡಿಸಿಯಾನೇ?

"ಬಿರ್ರನೆ ಹಾಕು! ಸಾರ್, ನೀವು ಹೊಂಡ್ರಿ. ಇವ್ಳನ್ನ ಬೈಕ್‌ನಾಗೆ ತರ್ತೀನಿ."

ಟೆಂಪೋ ಹೊರಟಿತು. ಶೆಡ್ಡಿನಲ್ಲಿ ನಾವು ಮೂವರೇ.

ಬೂಟು ಮತ್ತೆ ಹತ್ತಿರ ಬಂತು... ನಿಂತಿತು... ಅವನು ಬಗ್ಗಿದ.

"ಎಳೆ ಎಲ್ಲೇ ಹರಿದೈತೆ?"

ಹರಿದಿದ್ದರೆ ತಾನೆ! ನನ್ನ ಕೆಂಪು ಸೆರಗು ಅವನ ಕಣ್ಣಿಗೆ ಬಿತ್ತು. ಜೋಗಮ್ಮ ಏನನ್ನೋ ನನ್ನ ಅಂಗೈಗೆ ತುರುಕಿದಳು. ಲಾಳಿ! ಅಡ್ಡ ಎಳೆ ಓಡಿಸುವ ಮರದ ತುಂಡು, ಎರಡೂ ತುದಿಗೆ ಕಬ್ಬಿಣದ ಮೊನೆ. ಗುಂಡಿಯಲ್ಲಿ ಕೂತವಳಿಗೆ ಸಿಗುವುದು ಕಾಲೇ ತಾನೆ? ಇದ್ದ ಶಕ್ತಿಯನ್ನೆಲ್ಲ ಹಾಕಿ ಕಣಕಾಲಿಗೆ ಚುಚ್ಚಿದೆ.

"ಅಯ್ಯಯ್ಯೋ ಅವ್ವಾ...!"

ಹುಡುಗಿಯ ಕೈ ಹಿಡಿದು ಓಡಿದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿಯುವುದನ್ನು ಮರೆಯಲಿಲ್ಲ!

"ಗಂಗರಾಜು, ರಾಯದುರ್ಗದ ರೋಡು! ಹೊಡಿ!"

ಜೀಪು ಎದ್ದು ಬಿದ್ದು ಓಡಿತು. ದೂರದಲ್ಲಿ ಟೆಂಪೋ. ಅದರಾಚೆ ಗಡಿಯ ಚೆಕ್‌ಪೋಸ್ಟು. ಫೋನು ಕಿವಿಗೊತ್ತಿ ಪೊಲೀಸರಿಗೆ ಕೂಗಿ ಹೇಳಿದೆ. ಅವರು ಬರುವಷ್ಟರಲ್ಲಿ ಟೆಂಪೋ ಗಡಿ ದಾಟಿರುತ್ತದೆ.

"ಅಡ್ಡ ಹಾಕು!"

"ಮೇಡಂ, ಗೌರ್ಮೆಂಟ್ ಜೀಪು! ಏನಾನ ಆದ್ರೆ ನನ್ ಕೆಲ್ಸ ಹೋಗ್ತೈತ್ರಿ!"

"ಅಣ್ಣಾ..." ಜೋಗಮ್ಮ ಹಿಂದಿನ ಸೀಟಿನಿಂದ ಅತ್ತಳು. "ಅದ್ರಾಗೆ ಸಣ್ಣೋವೂ ಅದಾವಣ್ಣಾ..."

ಗಂಗರಾಜು ಹಲ್ಲು ಕಚ್ಚಿ, ಟೆಂಪೋವನ್ನು ಹಿಂದೆ ಹಾಕಿ ಸ್ಟೀರಿಂಗ್ ಎಳೆದ. ಕಿರ್ರ್! ಜೀಪು ರಸ್ತೆಗೆ ಅಡ್ಡ ನಿಂತಿತು. ಟೆಂಪೋ ನಮ್ಮ ಬಾಗಿಲಿಗೆ ಗುದ್ದಿ ನಿಂತಿತು. ಗಾಜು ನನ್ನ ಮಡಿಲಿಗೆ ಸುರಿಯಿತು.

ಜಂಬುಲಿಂಗಪ್ಪ ಇಳಿದ. ಈಗ ಬೆಣ್ಣೆ ಇರಲಿಲ್ಲ.

"ಏನ್ರೀ ನಿಮ್ಮ ಅಧಿಕಾರ? ನಿಮ್ಮ ಆಯೋಗ ಶಿಫಾರಸು ಮಾಡ್ಬೋದು, ಅಷ್ಟೇ! ಜೀಪು ತೆಗೀರಿ!"

ನಿಜ. ಅಷ್ಟೇ! ನಾನು ಇಳಿದು ಟೆಂಪೋದ ಮುಂದೆ ನಿಂತೆ. ಮೊಣಕಾಲು ನಡುಗುತ್ತಿತ್ತು. ಸೀರೆಯುಟ್ಟವರಿಗೆ ಅದೊಂದು ಅನುಕೂಲ, ಯಾರಿಗೂ ಕಾಣಿಸುವುದಿಲ್ಲ.

ಆಗ ಎದುರಿನಿಂದ ಬಸ್ಸು ಬಂತು. ಜಾಗವಿಲ್ಲದೆ ನಿಂತಿತು. ಜನ ಇಳಿದರು. ಟಾರ್ಪಾಲಿನ ಒಳಗಿನಿಂದ ಒಂದು ಮಗು "ಅವ್ವಾ" ಅಂತು. ಇನ್ನೊಂದು ಅಂತು. ಆಮೇಲೆ ಎಲ್ಲವೂ. ಕಂಡಕ್ಟರ್ ಹೋಗಿ ಟಾರ್ಪಾಲು ಎತ್ತಿದ. ಪೊಲೀಸರು ಬರುವವರೆಗೆ ಜಂಬುಲಿಂಗಪ್ಪನನ್ನು ಕಾದದ್ದು ಆ ಬಸ್ಸಿನ ಜನವೇ... ಸ್ವಲ್ಪ ಜೋರಾಗಿಯೇ ಕಾದರು.

ಮರುದಿನ ಬೆಳಿಗ್ಗೆ ಹುಚ್ಚಕ್ಕ ಮಗಳ ಬೆರಳುಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡಳು. ಅಲ್ಲಿ ನಿಲ್ಲಲಾಗಲಿಲ್ಲ ನನಗೆ.

ಪೊಲೀಸ್ ಸ್ಟೇಷನ್ನಿಗೆ ಹೋದೆ. ಕಂಬಿಯ ಹಿಂದೆ ಜಂಬುಲಿಂಗಪ್ಪ. ಪಕ್ಕದಲ್ಲಿ ಕಾಲಿಗೆ ಬ್ಯಾಂಡೇಜ್ ಸುತ್ತಿದ ಪಾಲಾಕ್ಷ.

"ಇನ್ನೇನಕ್ ಬಂದ್ರಿ?" ಅಂದ ಜಂಬುಲಿಂಗಪ್ಪ.

"ನೀವೇ ಕರೆದಿದ್ದಿರಲ್ಲ ಸಾರ್," ಅಂದೆ. "ಇವತ್ತು ಅಮಾವಾಸ್ಯೆ... ಹೋಳಿಗೆ ಎಲ್ಲಿ?"