ಕ್ಯಾರಿಯರ್ ಎರಡು, ಬಾಗಿಲು ಮೂರು

“ಸಾರ್, ಊಟದ ಕ್ಯಾರಿಯರ್ ತಂದಿದೀವಿ.”

ಬಾಗಿಲಿನ ಆಚೆಯಿಂದ ದನಿ. ಜೇನು ಸವರಿದ ದನಿ.

ಗಡಿಯಾರ ನೋಡಿದೆ. ಬೆಳಿಗ್ಗೆ ಒಂಬತ್ತು ಇಪ್ಪತ್ತು.

ನಮ್ಮ ಸ್ಟೇಷನ್ನಿನಿಂದ ಊಟ ಮಧ್ಯಾಹ್ನ ಒಂದಕ್ಕೆ ಬಂದರೆ ಪವಾಡ. ಎರಡಕ್ಕೆ ಬಂದರೆ ಪದ್ಧತಿ. ಒಂಬತ್ತು ಇಪ್ಪತ್ತಕ್ಕೆ ಬಂದರೆ... ಅದು ಊಟ ಅಲ್ಲ.

ಬಾಗಿಲಿನ ಕೆಳಗಿನ ಸಂದಿಯಲ್ಲಿ ಇಣುಕಿದೆ. ಮೂರು ಜೊತೆ ಬೂಟು. ಒಂದು ಕ್ಯಾರಿಯರ್ ಹೊರಲು ಮೂರು ಆಳು!

ನನ್ನ ಹಿಂದೆ, ಮಂಚದ ಅಂಚಿನಲ್ಲಿ, ಐವತ್ತು ದಾಟಿದ ಹೆಂಗಸೊಬ್ಬಳು ಚಪ್ಪಲಿ ಹಾಕಿಕೊಂಡು ಸಿದ್ಧಳಾಗಿ ಕೂತಿದ್ದಳು. ಲಾರಿ ತೂಗುವ ವೇಬ್ರಿಡ್ಜಿನ ಗುಮಾಸ್ತೆ. ನಾವೆಲ್ಲ ತೂಕದಮ್ಮ ಅನ್ನುತ್ತಿದ್ದೆವು.

ಅವಳ ಕತೆ ಇಷ್ಟೇ. ಒಂದು ಖಾಲಿ ಲಾರಿ ಅವಳ ತಟ್ಟೆಯ ಮೇಲೆ ಹತ್ತಿತು. ಖಾಲಿ ಲಾರಿ ತೂಗಬೇಕಾದ್ದಕ್ಕಿಂತ ಎಪ್ಪತ್ತು ಕಿಲೋ ಜಾಸ್ತಿ ತೂಗಿತು. ಒಂದು ಗಂಟೆ ಬಿಟ್ಟು ಅದೇ ಲಾರಿ ವಾಪಸ್ ಬಂತು. ಎಪ್ಪತ್ತು ಕಿಲೋ ಮಾಯ. ಗೋದಾಮಿನ ವಾಚ್‌ಮನ್ನೂ ಮಾಯ. ಅವನ ತೂಕ ಎಪ್ಪತ್ತು ಕಿಲೋ.

ಲಾರಿ ಒಬ್ಬ ಕಂಟ್ರ್ಯಾಕ್ಟರನದು. ಅಡ್ಡಹೆಸರು ಸಿಮೆಂಟು. ಅವನ ಮೇಲಿನ ಕೊಲೆ ಕೇಸಿನಲ್ಲಿ ಇವಳೊಬ್ಬಳೇ ಸಾಕ್ಷಿ. ಅವತ್ತು ಹನ್ನೊಂದಕ್ಕೆ ಕೋರ್ಟಿನಲ್ಲಿ ಅವಳ ಹೇಳಿಕೆ. ಇವಳು ಬಾಯಿ ಬಿಟ್ಟರೆ ಸಿಮೆಂಟು ಒಳಗೆ. ಇವಳ ಬಾಯಿ ಮುಚ್ಚಿಸಿದರೆ ಸಿಮೆಂಟು ಹೊರಗೆ.

ಅದಕ್ಕೇ ಅವಳನ್ನು ಟೈಲರ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಬಚ್ಚಿಟ್ಟಿದ್ದೆ. ಫೈಲಿನಲ್ಲಿ ವಿಳಾಸ ಇಲ್ಲ. ವೈರ್‌ಲೆಸ್ಸಿನಲ್ಲಿ ಇಲ್ಲ. ನನ್ನ ಹೆಂಡತಿಗೂ ಗೊತ್ತಿಲ್ಲ.

ಮತ್ತೆ ಈ ಬೂಟುಗಳಿಗೆ ಗೊತ್ತಾದದ್ದು ಹೇಗೆ?

ಐದು ನಿಮಿಷ ಹಿಂದಕ್ಕೆ ಬನ್ನಿ. ನನ್ನ ಅತ್ತೆಯ ಫೋನು.

“ಅಳಿಯಂದಿರೇ, ನಿಮ್ಮ ಸಾಹೇಬರ ಹೊಸ ವಿಡಿಯೋ ನೋಡಿದೆ. ಹಿಂದೆ ಬೋರ್ಡಲ್ಲಿ ನಿಮ್ಮ ಹೆಸರು ಇದೆ!”

“ಯಾವ ಬೋರ್ಡು ಅತ್ತೆ?”

“ಕರೀ ಬೋರ್ಡು. ನಿಮ್ಮ ಹೆಸರಿನ ಮುಂದೆ ಕ್ಯಾರಿಯರ್ ಎರಡು, ಟೈಲರ್ ಅಂಗಡಿ ಮೇಲೆ, ಬಾಗಿಲು ಮೂರು ಅಂತ ಇದೆ. ಏನು, ಹೊಸ ಬಟ್ಟೆ ಹೊಲಿಸ್ತಿದೀರಾ?”

ಅತ್ತೆಯ ಫೋನ್ ಕಟ್ ಮಾಡಿದೆ.

ನೋಡಿ, ಪೊಲೀಸರ ಗುಟ್ಟು ರಟ್ಟಾಗುವುದು ಬಾಯಿಂದ ಅಲ್ಲ, ಹೊಟ್ಟೆಯಿಂದ. ಎಲ್ಲ ಕಡೆ ವಿಳಾಸ ಮುಚ್ಚಿಟ್ಟೆವು. ಊಟ ಮಾತ್ರ ಯಾರಾದರೂ ಹೊತ್ತು ತರಲೇಬೇಕಲ್ಲ? ಸ್ಟೇಷನ್ ರೈಟರ್ ಊಟದ ಡ್ಯೂಟಿಯನ್ನು ಎಂದಿನಂತೆ ದುಂಡು ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದರು. ಆ ಬೋರ್ಡಿನ ಮುಂದೆ ನಿಂತು ನಮ್ಮ ಸಾಹೇಬರು, ‘ಸ್ಟೇಷನ್ನಿನಲ್ಲಿ ನನ್ನ ಒಂದು ದಿನ’ ಅಂತ ರೀಲ್ ಮಾಡಿದರು.

ಸಾಹೇಬರ ಅಡ್ಡಹೆಸರು ಲೈಕ್ ಸಾಹೇಬರು. ಕಳ್ಳನನ್ನು ಹಿಡಿದರೆ ಮೊದಲು ಬೇಡಿ ಕೇಳುವುದಿಲ್ಲ, ಬೆಳಕು ಕೇಳುತ್ತಾರೆ.

ತಕ್ಷಣ ಅವರಿಗೆ ಫೋನ್ ಮಾಡಿದೆ.

“ಸರ್, ಆ ವಿಡಿಯೋ ಡಿಲೀಟ್ ಮಾಡಿ. ಈಗಲೇ.”

“ಏನ್ರೀ, ನಲವತ್ತು ಸಾವಿರ ವ್ಯೂಸ್ ಆಗಿದೆ!”

“ಅದರಲ್ಲಿ ನಾಲ್ಕು ವ್ಯೂಸ್ ಸಿಮೆಂಟಿನವು ಸರ್. ಹಿಂದೆ ಬೋರ್ಡು ಕಾಣ್ತಿದೆ.”

“ಬ್ಲರ್ ಮಾಡಿಸ್ತೀನಿ ಬಿಡ್ರೀ, ಸಂಜೆ. ಹತ್ತೂ ಮುಕ್ಕಾಲಿಗೆ ಕೋರ್ಟಿನ ಮುಂದಿನ ಗೇಟಲ್ಲಿ ಲೈವ್ ಅಂತ ಅನೌನ್ಸ್ ಮಾಡಿದೀನಿ. ಆಯಮ್ಮನ್ನ ಅಲ್ಲಿಗೇ ಕರ್ಕೊಂಡ್ಬನ್ನಿ. ಇಬ್ಬರ ನಡುವೆ ನಾನು ನಡೀತೀನಿ.”

“ಕರ್ಕೊಂಡ್ಬರಲ್ಲ ಸರ್.”

“ಏನಂದ್ರಿ?”

“ಕರ್ಕೊಂಡ್ಬರಲ್ಲ ಅಂದೆ.”

“ಇದು ಆರ್ಡರ್.”

“ಬರೆದುಕೊಡಿ ಸರ್. ಬೋರ್ಡಿನ ಮೇಲೆ ಬೇಡ.”

ಫೋನ್ ಇಟ್ಟೆ. ಅಮ್ಮಾ ಚಪ್ಪಲಿ ಹಾಕ್ಕೊಳ್ಳಿ ಅಂದೆ. ಅಷ್ಟರಲ್ಲಿ ಬಂತು... ಜೇನು ಸವರಿದ ಕ್ಯಾರಿಯರ್.

ಬಾಗಿಲು ಒಂದು ಸಲ ಅಲುಗಿತು. ತೂಕದಮ್ಮ ಬೂಟುಗಳ ಸದ್ದಿಗೆ ಕಿವಿಗೊಟ್ಟಳು.

“ಮುಂದಿನವನು ತೊಂಬತ್ತು ಕಿಲೋ ಇದಾನೆ,” ಅಂದಳು ಮೆಲ್ಲಗೆ. “ಈ ಚಿಲಕ ಎರಡೇಟು ತಡೆಯುತ್ತೆ. ಮೂರು ತಡೆಯಲ್ಲ.”

ಕಾಲೇಜಿನಲ್ಲಿ ನನಗೆ ಬಂದದ್ದು ಒಂದೇ ಬಹುಮಾನ, ಮಿಮಿಕ್ರಿಗೆ. ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಅಮಾನತಾಗಿದ್ದೂ ಒಂದೇ ಸಲ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದೆ.

“ಕರ್ರ್‌ರ್... ಕಂಟ್ರೋಲ್, ಕಂಟ್ರೋಲ್. ಒಳಗಡೆ ಆರು ಜನ ಪೊಸಿಷನ್‌ನಲ್ಲಿ ಇದೀವಿ. ಗಿರಾಕಿಗಳು ಬಾಗಿಲ ಹತ್ರ ಬಂದಿದಾರೆ, ಓವರ್... ಕರ್ರ್‌ರ್... ರೋಜರ್. ಮೆಟ್ಟಿಲ ಕೆಳಗಿನ ಟೀಮ್ ಮೇಲೆ ಬರ್ತಿದೆ, ಓವರ್.”

ಹೊರಗೆ ಪಿಸುಪಿಸು ಮಾತು. ಆಮೇಲೆ ಬೂಟುಗಳು ದಡದಡನೆ ಕೆಳಗಿಳಿದವು. ಇಲ್ಲದ ಟೀಮನ್ನು ಎದುರಿಸಲು.

“ಆರು ಜನ ಎಲ್ಲಿದಾರಪ್ಪಾ?” ತೂಕದಮ್ಮ ಕೇಳಿದಳು.

“ನನ್ನ ಗಂಟಲಲ್ಲಿ. ಏಳಿ.”

ಬಚ್ಚಲಿನ ಹಿಂದೆ ಕಬ್ಬಿಣದ ಸುರುಳಿ ಮೆಟ್ಟಿಲು. ಅವಳ ಮಂಡಿ ಪ್ರತಿ ಸುತ್ತಿಗೂ ಒಂದು ದೂರು ಕೊಟ್ಟಿತು. ಅವಳು ಕೊಡಲಿಲ್ಲ. ಕೆಳಗೆ ಟೈಲರ್ ಮಾಸ್ಟರ್ ಹಿತ್ತಿಲ ಬಾಗಿಲಲ್ಲಿ ಗುಂಡಿ ಹಚ್ಚುತ್ತಿದ್ದರು.

“ಮಾಸ್ಟರ್, ಸ್ಕೂಟರ್ ಕೀಲಿ.”

“ಬ್ರೇಕು ಸ್ವಲ್ಪ...”

“ಬ್ರೇಕು ಬೇಡ.”

ಗಲ್ಲಿಯಿಂದ ಮುಖ್ಯರಸ್ತೆಗೆ ನುಗ್ಗಿದೆ. ಕನ್ನಡಿಯಲ್ಲಿ ಬಿಳಿ ಜೀಪು. ಕ್ಯಾರಿಯರಿನವರಿಗೆ ಮೋಸ ತಿಳಿದಿತ್ತು. ಟಪ್ ಅಂತ ಒಂದು ಗುಂಡು ಸ್ಕೂಟರಿಗಿದ್ದ ಒಂದೇ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು.

“ಇನ್ನು ಹಿಂದೆ ಕಾಣಲ್ಲ,” ಅಂದೆ.

“ನಾನು ನೋಡ್ತೀನಿ. ನೀನು ಓಡಿಸು,” ಅಂದಳು ತೂಕದಮ್ಮ. ನೀವು ಹೋಗಿ ನೀನು ಆಗಿತ್ತು. ಗುಂಡು ಹಾರಿದ ಮೇಲೆ ಎಲ್ಲರೂ ಸಂಬಂಧಿಕರೇ. “ಮುಂದೆ ಎಡಕ್ಕೆ ತಿರುಗು. ಹಳೇ ಲಾರಿ ಯಾರ್ಡು.”

“ಅಲ್ಲಿ ದಾರಿ ಇಲ್ಲಮ್ಮಾ.”

“ನನ್ನ ಮೊದಲ ವೇಬ್ರಿಡ್ಜು ಇದೆ. ತಟ್ಟೆ ಕಿತ್ತು ಗುಂಡಿಯ ಮೇಲೆ ಹಲಗೆ ಹಾಸಿದಾರೆ. ಮುನ್ನೂರು ಕಿಲೋ ತಡೆಯುತ್ತೆ.”

“ನಾವೆಷ್ಟು?”

“ನೀನು ಎಂಬತ್ತೆರಡು. ನಾನು ಅರವತ್ತು. ಸ್ಕೂಟರು ನೂರ ಹತ್ತು.”

“ನಾನು ಎಪ್ಪತ್ತೆಂಟು.”

“ಎಂಬತ್ತೆರಡು.”

ವಾದಕ್ಕೆ ಸಮಯ ಇರಲಿಲ್ಲ. ಎಡಕ್ಕೆ ಎಳೆದೆ. ಧೂಳು, ತುಕ್ಕು, ಹಳೆ ಟೈರು. ಹಲಗೆಗಳು ಕೆಳಗೆ ಕಿರ್ರ್ ಅಂದವು, ಬಾಗಿದವು... ತಡೆದವು. ಆಚೆ ದಡ ಸೇರಿದೆವು.

ಹಿಂದೆ ಜೀಪು ಬಂತು. ಅದರ ತೂಕ ನಾನು ಕೇಳಲಿಲ್ಲ. ಹಲಗೆಗಳೇ ಹೇಳಿದವು. ಮೂತಿ ಮುಂದಾಗಿ ಗುಂಡಿಗೆ ಇಳಿದ ಜೀಪಿನ ಹಿಂದಿನ ಚಕ್ರಗಳು ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿದ್ದವು.

ತೂಕದಮ್ಮ ಹಿಂತಿರುಗಿ ನೋಡಿ ಅಂದಳು, “ಸಾವಿರದ ಎಂಟುನೂರು. ಆಳು ಬಿಟ್ಟು.”

ಹತ್ತು ಐವತ್ತಕ್ಕೆ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯ ಕಂಬದ ಹಿಂದೆ ನಿಂತಿದ್ದೆವು.

ಮುಂದಿನ ಗೇಟಿನಲ್ಲಿ ಲೈಕ್ ಸಾಹೇಬರು. ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಫೋನು. ಹತ್ತು ಹೆಜ್ಜೆ ಹಿಂದೆ ಇಬ್ಬರು. ಒಬ್ಬನ ಕೈ ಮಡಚಿದ ಪತ್ರಿಕೆಯೊಳಗೆ. ಇನ್ನೊಬ್ಬ ಫೋನು ನೋಡುತ್ತಿದ್ದ. ಏನು ನೋಡುತ್ತಿದ್ದ ಗೊತ್ತೇ? ಸಾಹೇಬರ ಲೈವು! ಇಲಾಖೆಯೇ ಅವನಿಗೆ ಬಿಟ್ಟಿ ಬೇಹುಗಾರಿಕೆ ಮಾಡಿಕೊಡುತ್ತಿತ್ತು.

“ಬನ್ನಿ ಸ್ನೇಹಿತರೇ,” ಸಾಹೇಬರು ಫೋನಿಗೆ ಹಲ್ಲು ತೋರಿಸಿದರು. “ನಮ್ಮ ಟೀಮ್ ಪಕ್ಕದ ಗೇಟಿಂದ ಬರಬಹುದು. ಅಲ್ಲೂ ನೋಡೋಣ.”

ಪಕ್ಕದ ಗೇಟೇ ನನ್ನ ಗೇಟು. ಕ್ಯಾಮೆರಾ ತಿರುಗಿದ ಕಡೆ ಆ ಇಬ್ಬರೂ ತಿರುಗುತ್ತಾರೆ. ನನಗೆ ಉಳಿದದ್ದು ಐದು ನಿಮಿಷ, ಒಂದು ಗಂಟಲು.

ಸಾಹೇಬರ ಪೇಜು ನೋಡಿಕೊಳ್ಳುವುದು ಒಬ್ಬ ಲೇಡಿ ಕಾನ್‌ಸ್ಟೇಬಲ್. ಎಂಎ ಓದಿದ ಹುಡುಗಿ. ಸಾಹೇಬರ ಮೀಸೆಗೆ ಕ್ಯಾಪ್ಷನ್ ಬರೆಯುವುದೇ ಡ್ಯೂಟಿ. ಅವಳಿಗೆ ಫೋನ್ ಹಚ್ಚಿದೆ. ಮೂಗಿನಿಂದ ಅರ್ಧ, ಹೊಟ್ಟೆಯಿಂದ ಅರ್ಧ. ಸಾಹೇಬರ ದನಿ ಬರುವುದು ಹಾಗೆ.

“ಏನಮ್ಮಾ, ನಾನು ಮಾತಾಡ್ತಿರೋದು. ಲೈವ್ ಕಟ್ ಮಾಡು.”



“...ಆಯ್ತು ಸಾರ್.”

“ಬೆಳಿಗ್ಗೆಯ ರೀಲು ತೆಗಿ. ಪಾಸ್‌ವರ್ಡ್ ಬದಲಾಯಿಸು. ನಾನು ಕೇಳಿದ್ರೂ ಕೊಡಬೇಡ.”

“ನಿಮಗೂನಾ ಸಾರ್?”

“ಮೊದಲು ನನಗೇ ಕೊಡಬೇಡ.”

“ಖಂಡಿತ ಕೊಡಲ್ಲ ಸಾರ್.” ಆ ದನಿಯಲ್ಲಿ ಎರಡು ವರ್ಷದ ಕ್ಯಾಪ್ಷನ್ನುಗಳ ಸಿಟ್ಟು ಇತ್ತು.

ಮೂವತ್ತು ಸೆಕೆಂಡು. ಸಾಹೇಬರು ಕೋಲು ಅಲ್ಲಾಡಿಸಿದರು. ಫೋನು ತಟ್ಟಿದರು. “ಏಯ್, ಏನಾಯ್ತು ಇದಕ್ಕೆ?” ಅಂತ ಅರಚಿದರು. ಪತ್ರಿಕೆಯವನ ಜೊತೆಗಾರ ತನ್ನ ಫೋನನ್ನೂ ತಟ್ಟಿದ. ಇಡೀ ರಸ್ತೆ ಸಾಹೇಬರನ್ನೇ ನೋಡುತ್ತಿತ್ತು. ಅವರ ಜೀವನದ ಅತ್ಯಂತ ಜನಪ್ರಿಯ ಕ್ಷಣ... ರೆಕಾರ್ಡೇ ಆಗಲಿಲ್ಲ.

ನಾವು ಪಕ್ಕದ ಗೇಟಿನಿಂದ ಒಳಗೆ ನಡೆದೆವು. ಓಡಲಿಲ್ಲ. ತೂಕದಮ್ಮನ ಮಂಡಿ ಓಡುವ ಮಂಡಿ ಅಲ್ಲ. ಗೇಟಿನ ಪಹರೆಯವರಿಗೆ ಪತ್ರಿಕೆಯವನನ್ನು ತೋರಿಸಿದೆ. ಅವರು ಹಿಡಿದು ಬಿಡಿಸಿದರೆ, ಪತ್ರಿಕೆಯೊಳಗಿನ ಸುದ್ದಿ ಕಬ್ಬಿಣದ್ದಾಗಿತ್ತು.

ತೂಕದಮ್ಮ ಕಟಕಟೆ ಹತ್ತಿದಳು. ಸಿಮೆಂಟಿನ ವಕೀಲ ನಕ್ಕ.

“ಎಪ್ಪತ್ತು ಕಿಲೋ ಅಂದ್ರೆ ಮನುಷ್ಯನೇ ಆಗಬೇಕಾ? ನಿಮ್ಮ ಯಂತ್ರ ತಪ್ಪಿರಬಹುದಲ್ಲ?”

“ಯಂತ್ರ ತಪ್ಪಬಹುದು ಸ್ವಾಮೀ. ಲಾರಿ ನನ್ನ ತಟ್ಟೆ ಮೇಲೆ ನಿಂತಾಗ ಟಾರ್ಪಾಲಿನ ಕೆಳಗೆ ಕೈ ಅಲ್ಲಾಡ್ತಿತ್ತು. ನನ್ನ ಕಣ್ಣು ತಪ್ಪಿಲ್ಲ.”

ಸಿಮೆಂಟು ಕೂತಲ್ಲೇ ಗಟ್ಟಿಯಾದ. ಇವತ್ತಿಗೂ ಒಳಗೇ ಇದಾನೆ.

ಮರುದಿನ ವಿಚಾರಣೆ. ಸಿಮೆಂಟಿನದಲ್ಲ, ನನ್ನದು. ಮೇಜಿನ ಆ ಕಡೆ ದೊಡ್ಡ ಸಾಹೇಬರು, ಪಕ್ಕದಲ್ಲಿ ಲೈಕ್ ಸಾಹೇಬರು. ಮೊದಲು ಲೇಡಿ ಕಾನ್‌ಸ್ಟೇಬಲನ್ನು ಕರೆದರು.

“ಲೈವ್ ನಿಲ್ಲಿಸೋಕೆ ಹೇಳಿದ್ದು ಯಾರು?”

“ಸಾಹೇಬರ ದನಿ ಸಾರ್.”

“ಯಾವ ನಂಬರಿಂದ ಬಂತು?”

ಆಗ ನನಗೆ ಹೊಳೆಯಿತು. ಗಂಟಲು ಬದಲಾಯಿಸಿದ್ದೆ, ಫೋನು ಬದಲಾಯಿಸಿರಲಿಲ್ಲ! ಅವಳ ಪರದೆಯ ಮೇಲೆ ನನ್ನ ಹೆಸರೇ ಬಂದಿತ್ತು. ಗೊತ್ತಿದ್ದೇ ಅವಳು ಅಷ್ಟೂ ಮಾಡಿದ್ದಳು.

“ನೋಡಲಿಲ್ಲ ಸಾರ್,” ಅಂದಳು, ನೆಟ್ಟಗೆ ನಿಂತು. “ಡ್ಯೂಟಿ ಟೈಮಲ್ಲಿ ಫೋನ್ ಪರದೆ ನೋಡಬಾರದು ಅಂತ ಸುತ್ತೋಲೆ ಇದೆ.”

ದೊಡ್ಡ ಸಾಹೇಬರು ಕೆಮ್ಮಿದರು. ಅದು ಕೆಮ್ಮಲ್ಲ, ನಗು. ದನಿಗಳು ನನಗೆ ಗೊತ್ತಾಗುತ್ತವೆ.

ಹುಡುಗಿಯ ತಲೆಗೆ ಕಟ್ಟುವುದು ನನಗೆ ಆಗದ ಕೆಲಸ. ಎದ್ದು ನಿಂತೆ.

“ದನಿ ನನ್ನದು ಸಾರ್. ಮತ್ತೊಂದು ಸಲ ಆದ್ರೂ ಇದನ್ನೇ ಮಾಡ್ತೀನಿ. ಬರ್ಕೊಳ್ಳಿ.”

ಬರೆದುಕೊಂಡರು. ಲೈಕ್ ಸಾಹೇಬರು ನೆಟ್‌ವರ್ಕ್ ಸಿಗದ ಒಂದು ಊರಿಗೆ ವರ್ಗವಾದರು. ನನಗೂ ಶಿಕ್ಷೆ ಬೇಕಲ್ಲ? ಪ್ರತಿ ಹೊಸ ಬ್ಯಾಚಿಗೂ, ‘ಪೊಲೀಸರು ಮತ್ತು ಸೋಷಿಯಲ್ ಮೀಡಿಯಾ’ ಅಂತ ಒಂದು ಗಂಟೆ ಪಾಠ ಮಾಡಬೇಕು. ಅದಕ್ಕೇ ನಿಮ್ಮೆದುರು ನಿಂತಿದೀನಿ. ಪುಸ್ತಕದಲ್ಲಿ ಹದಿನಾಲ್ಕು ನಿಯಮ ಇವೆ, ಮನೆಯಲ್ಲಿ ಓದಿಕೊಳ್ಳಿ. ನನ್ನದು ಒಂದೇ. ನಿಮ್ಮ ಮುಖ ಚೆನ್ನಾಗಿ ಬಂದಿದೆಯೇ ಅಂತ ನೋಡುವ ಮೊದಲು, ಮುಖದ ಹಿಂದೆ ಏನು ಬಂದಿದೆ ನೋಡಿ.

ಅಂದಹಾಗೆ, ಮೂರನೇ ಸಾಲಿನ ಕನ್ನಡಕದವರೇ... ಹತ್ತು ನಿಮಿಷದಿಂದ ನನ್ನ ವಿಡಿಯೋ ಮಾಡಿ ಫ್ರೆಂಡ್ಸಿಗೆ ಕಳಿಸುತ್ತಿದ್ದೀರಿ. ಬೇಡ ಅನ್ನಲ್ಲ. ನನ್ನ ಹಿಂದಿನ ಬೋರ್ಡಿನಲ್ಲಿರುವುದು ನಿಮ್ಮ ಬ್ಯಾಚಿನ ದಾಖಲಾತಿ ಪಟ್ಟಿ.

ನಿಮ್ಮ ಮನೆಯ ವಿಳಾಸ ಏಳನೇ ಸಾಲಿನಲ್ಲಿದೆ.