ಬೀಗದೊಳಗಿನ ಬೂಟು

2025ರ ಮಾರ್ಚ್ 12, ಬುಧವಾರ. ಬೆಳಿಗ್ಗೆ ಹತ್ತೂಕಾಲಿಗೆ ಹೊಸಪೇಟೆಯ ಠಾಣೆಗೆ ಬಂದ ಚಂದ್ರಕಲಾ ಕುರ್ಚಿ ತೋರಿಸಿದರೂ ಕೂರಲಿಲ್ಲ. ತನ್ನ ಮೊಬೈಲನ್ನು ಪಿಎಸ್‌ಐ ಗಂಗಾಂಬಿಕಾಳ ಮೇಜಿನ ಮೇಲೆ ಕುಕ್ಕಿದಳು. ಪರದೆಯಲ್ಲಿ ಎರಡು ಪಾದಗಳಿದ್ದವು. ಚರ್ಮ ಕಪ್ಪಾಗಿ ಸುಲಿದಿತ್ತು.

"ಇವು ನಮ್ಮಕ್ಕ ಹೊಳೆಮ್ಮನ ಕಾಲ್ರಿ. ಭಾನುವಾರ ಸಂಡೂರು ರಸ್ತೆ ಕಲ್ಯಾಣಮಂಟಪದ ಸ್ಲ್ಯಾಬಿಗೆ ಹೋಗಿದ್ಲು. ಉಳಿದೋರು ಬುಟ್ಟಿ ಹೊತ್ರು, ಈಕಿನ್ನ ಹಸಿ ಕಾಂಕ್ರೀಟು ಎಳಿಯಾಕ ಹಚ್ಚಿ ಐದು ತಾಸು ಅದರಾಗ ಬರಿಗಾಲಾಗ ನಿಂದ್ರಿಸ್ಯಾರ. ಸಿಮೆಂಟು ಕಾಲು ಸುಟ್ಟು ಈಗ ಬಳ್ಳಾರಿ ದವಾಖಾನ್ಯಾಗ ಅದಾಳ. ಬಲಗಾಲು ಉಳಿತೈತೋ ಇಲ್ಲೋ ಅಂತಾರ ಡಾಕ್ಟ್ರು."

"ಬೂಟು ಕೊಟ್ಟಿರಲಿಲ್ಲೇನು?"

"ಅಕ್ಕನೇ ಇಂಜಿನಿಯರ್‌ಗೆ ಕೇಳಿ ತರಿಸಿದ್ಲು. ಮೇಸ್ತ್ರಿ ಎರ್ರಿಯಪ್ಪ ಹಾಕ್ಕೊಳ್ಳಾಕ ಬಿಡ್ಲಿಲ್ಲ. ಪೂಜಿ ಆಗೈತಿ, ಮೆಟ್ಟು ಹಾಕ್ಕೊಂಡು ಮ್ಯಾಲ ಹತ್ತಬ್ಯಾಡ್ರಿ ಅಂದ."

ಸ್ಲ್ಯಾಬ್ ಹಾಕುವ ಮೊದಲು ಕಂಬಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುವುದು ಎಲ್ಲ ಕಡೆಯ ವಾಡಿಕೆ. ಆ ಹೊತ್ತಿಗೆ ಚಪ್ಪಲಿ ಬಿಡುವುದೂ ಸರಿಯೇ. ಆದರೆ ಕಾಯಿ ಒಡೆದ ಮೇಲೂ ಹೆಣ್ಣುಮಕ್ಕಳನ್ನು ತಾಸುಗಟ್ಟಲೆ ಬರಿಗಾಲಲ್ಲಿ ನಿಲ್ಲಿಸುವ ಶಾಸ್ತ್ರ ಯಾವುದು? ಗಂಗಾಂಬಿಕಾಳಿಗೆ ಮೈಯೆಲ್ಲ ಉರಿಯಿತು. ನಿರ್ಲಕ್ಷ್ಯದಿಂದ ತೀವ್ರ ಗಾಯ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 125(ಬಿ) ಅಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.40ಕ್ಕೆ ಸ್ಥಳ ಪಂಚನಾಮೆ. ಇಂಜಿನಿಯರ್ ಮನೋಹರ್ ಹೆಲ್ಮೆಟ್ ಹಾಕಿಕೊಂಡೇ ಓಡಿ ಬಂದ.

"ಹನ್ನೊಂದು ಜೊತೆ ಬೂಟು ತರಿಸಿದ್ದೆ ಮೇಡಂ. ಹಾಕ್ಕೊಳ್ರಿ ಅಂತ ಹೇಳಿ ಬಳ್ಳಾರಿಗೆ ಹೋದೆ."

"ಹಾಕ್ಕೊಂಡ್ರೋ ಇಲ್ಲೋ ನೋಡಿದ್ರಾ?"

"ಇಲ್ಲ ಮೇಡಂ." ಮನೋಹರ್ ಹೆಲ್ಮೆಟ್ ತೆಗೆದ.

"ನಿಮ್ಮ ಹೇಳಿಕಿನೂ ಬೇಕು. ಎಲ್ಲಿಗೂ ಹೋಗಬ್ಯಾಡ್ರಿ."

ಸಾಮಾನಿನ ಶೆಡ್ಡಿಗೆ ಬೀಗ ಹಾಕಿತ್ತು. ಕೀಲಿ ಎರ್ರಿಯಪ್ಪನ ಉಡಿದಾರದಲ್ಲಿತ್ತು. ನಲವತ್ತೈದು ದಾಟಿದ ದಪ್ಪ ಆಳು, ಕಾಲಿಗೆ ಕ್ಯಾನ್ವಾಸ್ ಶೂ, ಮುಖದಲ್ಲಿ ಅಸಡ್ಡೆ. ಅವನು ಬೇಕೆಂದೇ ನಿಧಾನವಾಗಿ ಬಾಗಿಲು ತೆಗೆದ. ಒಳಗೆ ಹತ್ತು ಜೊತೆ ಗಮ್‌ಬೂಟು ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು. ಹನ್ನೊಂದನೆಯ ಜೊತೆಗೆ ಕಾಂಕ್ರೀಟು ಕಣಕಾಲಿನ ತನಕ ಮೆತ್ತಿ ಒಣಗಿತ್ತು.

"ಇವು ಯಾರವು?"

"ಗೊತ್ತಿಲ್ರಿ."

ಹೆಡ್ ಕಾನ್‌ಸ್ಟೆಬಲ್ ಚನ್ನಯ್ಯ ಒಂದು ಬೂಟನ್ನು ತಂದು ಎರ್ರಿಯಪ್ಪನ ಶೂ ಪಕ್ಕಕ್ಕಿಟ್ಟ. ಒಂದೇ ಅಳತೆ. ಉಳಿದ ಹತ್ತೂ ಹೆಂಗಸರ ಅಳತೆಯವು.

"ನಿನಗ ಪೂಜಿ ಅಡ್ಡ ಬರ್ಲಿಲ್ಲೇನಲೇ?" ಎಂದ ಚನ್ನಯ್ಯ.

"ಮ್ಯಾಲ ನಿಂತು ಕೆಲಸ ತೆಗಿಯೋನು ನಾನು. ಆಕಿ ನಿನ್ನೆ ಮೊನ್ನೆ ಬಂದಾಕಿ."

"ಆಕಿ ಉರಿ ಅಂತ ಹೇಳಿದ್ಲೇನು?" ಗಂಗಾಂಬಿಕಾ ಕೇಳಿದಳು.

"ಎರಡು ಸಲ."

"ನೀ ಏನಂದಿ?"

"ಸಿಮೆಂಟು ಸೆಟ್ ಆಗ್ತೈತಿ, ಜಲ್ದಿ ಎಳಿ ಅಂದೆ."

ಜಪ್ತಿ ಪಟ್ಟಿಗೆ ಪಂಚರು ಸಹಿ ಹಾಕಿದರು. ಸಂಜೆ 4.10ಕ್ಕೆ ಎರ್ರಿಯಪ್ಪನ ಬಂಧನವಾಯಿತು.

ಲಾಕಪ್ಪಿಗೆ ಬಿಡುವ ಮುನ್ನ ಬೆಲ್ಟು, ಉಡಿದಾರ, ಶೂ ಎಲ್ಲ ಬಿಚ್ಚಿಸಬೇಕು. ಶೂ ಎಂದಾಗ ಅದುವರೆಗೂ ಸೆಟೆದುಕೊಂಡೇ ಇದ್ದ ಎರ್ರಿಯಪ್ಪ ಹಿಂದೆ ಸರಿದ. ಚನ್ನಯ್ಯ ಗದರಿದ ಮೇಲೆ ಬಿಚ್ಚಿದ. ಬಲಗಾಲಿನಲ್ಲಿ ಎರಡು ಬೆರಳು ಇರಲಿಲ್ಲ. ಪಾದದ ಮೇಲಿನ ಚರ್ಮ ಸುಟ್ಟ ಹಪ್ಪಳದಂತೆ ಸುರುಟಿತ್ತು.

"ಇದು ಹೆಂಗಾತು?" ಗಂಗಾಂಬಿಕಾ ಕೇಳಿದಳು.

"ಕಂಪ್ಲಿ ರೈಸ್‌ಮಿಲ್ಲಿನ ಸ್ಲ್ಯಾಬು. ಇಪ್ಪತ್ತು ವರ್ಸ ಆತು. ಬೂಟು ಕೇಳಿದ್ದಕ್ಕ ನಮ್ಮ ಮೇಸ್ತ್ರಿ ನಕ್ಕಿದ್ದ."

"ಅಂದ್ರ ಹಸಿ ಸಿಮೆಂಟು ಕಾಲು ತಿಂತೈತಿ ಅಂತ ಗೊತ್ತಿದ್ದೇ ಬೀಗ ಹಾಕಿದಿ."

"ಗೊತ್ತಿತ್ರಿ. ಆಕಿ ಒಂದು ಮಾತು ಕೇಳಿದ್ಲು, ಮರುದಿನ ಬಂದ್ವು. ನನಗ ಅವತ್ತು ಯಾಕ ಬರ್ಲಿಲ್ಲ? ಹೊಟ್ಟಿ ಉರೀತು."

ಗಂಗಾಂಬಿಕಾಳಿಗೆ ಅರೆಗಳಿಗೆ ಮರುಕ ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಉದ್ದೇಶಪೂರ್ವಕ ತೀವ್ರ ಗಾಯದ ಕಲಂ 117(2) ಸೇರಿಸಲು ಕೋರ್ಟಿಗೆ ವರದಿ ಬರೆಯುವಂತೆ ಚನ್ನಯ್ಯನಿಗೆ ಹೇಳಿದಳು.

5.25ಕ್ಕೆ ಬಳ್ಳಾರಿಯಿಂದ ಚಂದ್ರಕಲಾಳ ಫೋನು ಬಂತು. ಗಂಗಾಂಬಿಕಾ ಕೇಳಿಸಿಕೊಂಡು ಫೋನಿಟ್ಟು, ಲಾಕಪ್ಪಿನ ಮುಂದೆ ಹೋಗಿ ನಿಂತಳು.

"ಹೊಳೆಮ್ಮನ ಪಾದ ಉಳಿದೈತಿ. ಎರಡು ಬೆರಳು ತಗದ್ರಂತ."

"ಯಾವ ಕಾಲಿಂದ್ರಿ?"

"ಬಲಗಾಲು."

ಎರ್ರಿಯಪ್ಪ ತನ್ನ ಬಲಗಾಲನ್ನು ಮೆಲ್ಲಗೆ ಎಳೆದುಕೊಂಡು ಪಂಚೆಯೊಳಗೆ ಮುಚ್ಚಿಟ್ಟುಕೊಂಡ.