ಕಣ್ಣು ಮೊದಲು ಬಿಟ್ಟ ಸಿಪಾಯಿ

"ಮೊಕ ಪೂರ್ತಿ ಆಗೋಗಂಟ ಕಣ್ಣ ಬುಡಿಸ್ಬ್ಯಾಡಿ ಸಾ," ಅಂದಳು ಗೋವಿಂದಮ್ಮ.

ಅಮೃತೇಶ ನಕ್ಕುಬಿಟ್ಟ. ಅವನು ವಿಮಾ ಕಚೇರಿಯ ಕೆಲಸಕ್ಕೆಂದು ತಿರುಮಕೂಡಲು ನರಸೀಪುರಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಕೆಲಸ ಹೊಟ್ಟೆಪಾಡಿಗೆ. ಪ್ರಾಣ ಇದ್ದದ್ದೆಲ್ಲ ಸಿಪಾಯಿ ಗೊಂಬೆಗಳಲ್ಲಿ. ಹಳೆಯ ಯುದ್ಧಗಳ ಸೈನಿಕರನ್ನು ಅಳತೆ ಕುಗ್ಗಿಸಿ ರೆಸಿನ್ನಿನಲ್ಲಿ ಎರಕ ಹೊಯ್ದ ಗೇಣುದ್ದದ ಗೊಂಬೆಗಳು ಅವು. ಬರುವಾಗ ಬೂದಿಯ ಬಣ್ಣ, ಮುಖವೆಂದರೆ ಬರಿಯ ಉಬ್ಬುತಗ್ಗು. ಅದರ ಮೇಲೆ ಬಿಸಿಲಿಗೆ ಕಂದಿದ ಚರ್ಮ, ಮೂರು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಬರೆದು ಜೀವಂತ ಮನುಷ್ಯನ ಮುಖ ಮಾಡುವುದರಲ್ಲಿ ಅವನನ್ನು ಮೀರಿಸುವವರು ಕಡಿಮೆ. ಪುಣೆಯ ಸ್ಪರ್ಧೆಯಲ್ಲಿ ಎರಡು ಸಲ ಗೆದ್ದು ಬಂದಿದ್ದ.

ಅವನ ಮನೆಯ ಹಿತ್ತಿಲ ಗೋಡೆಯಾಚೆ ಗೋವಿಂದಮ್ಮನ ಸೂರು. ಸುತ್ತಲ ಊರುಗಳ ಮಾರಮ್ಮಂದಿರ ಮರದ ಮುಖಗಳು ಬಣ್ಣ ಮಾಸಿದರೆ ಅವಳ ಕೈಗೇ ಬರಬೇಕು. ತಾತನಿಂದ ಬಂದ ಕಸುಬು. ಅವಳ ಎಡಗಣ್ಣು ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ನಮ್ಮಲ್ಲಿ ಕಣ್ಣೇ ಮೊದಲು ಅಜ್ಜಿ. ಬಿಳಿ ಬಣ್ಣ ಆಚೀಚೆ ಹೋದ್ರೂ ಆಮೇಲೆ ರೆಪ್ಪೆ ತಿದ್ದುವಾಗ ಮುಚ್ಚಿಹೋಗುತ್ತೆ. ನಾನೂರು ಗೊಂಬೆ ಹೀಗೇ ಮಾಡಿದೀನಿ."

"ಅವು ಅಂಗ್ಡಿ ಬಣ್ಣ ಸಾ. ನೋಡಾಕಿಲ್ಲ. ಇದು ಅಂಗಲ್ಲ." ಮಾರಮ್ಮನ ದೀಪದ ಮೇಲೆ ಕವುಚಿದ್ದ ತಾಮ್ರದ ತಟ್ಟೆಯನ್ನು ಅವಳು ಸೆರಗಿನಲ್ಲಿ ಮರೆ ಮಾಡಿದಳು. ಹರಳೆಣ್ಣೆಯ ಹೊಗೆ ವರ್ಷಗಟ್ಟಲೆ ಕೂತು ತಟ್ಟೆಯ ತುಂಬ ಕಾಡಿಗೆ ಕಟ್ಟಿತ್ತು. ಅಮೃತೇಶ ಕೇಳಿಕೊಂಡು ಬಂದದ್ದು ಅದನ್ನೇ. ಅಂಥ ಕಪ್ಪು ಯಾವ ಅಂಗಡಿಯಲ್ಲೂ ಇರಲಿಲ್ಲ. ಬೆಳಕು ಬಿದ್ದರೆ ಬಾವಿಗೆ ಬಿದ್ದ ಹಾಗೆ ಒಳಕ್ಕೆ ಹೋಗುತ್ತಿತ್ತು.

"ಕಣ್ಣು ಬಂದು ಮೊಕ ಬರ್ನಿಲ್ಲ ಅಂದ್ರೆ ಅದು ಮೊಕ ಉಡುಕ್ತದೆ. ಮೊದ್ಲು ಯಾರ್ ಕಂಡ್ರೋ ಅವ್ರದ್ದ ತಕ್ಕತದೆ. ಇಂದ್ಲ ಕಾಲ್ದಲ್ಲಿ ಅಗೆತನ ಇದ್ದೋರು ಬೇಕಂತ್ಲೇ ಮಾಡ್ಸೋರು. ಮೊಕ ಕೀಳೋ ಮಾಟ ಅಂತ."

"ನನ್ನ ಮುಖ ಕಿತ್ಕೊಂಡು ಅದೇನು ಮಾಡುತ್ತೆ ಅಜ್ಜಿ, ಸಾಲದ ಕಂತು ಕಟ್ಟುತ್ತಾ?"

ಗೋವಿಂದಮ್ಮ ನಗಲಿಲ್ಲ. ತನ್ನ ಆಡು ಯಾರದೋ ಹೂವಿನ ಗಿಡಕ್ಕೆ ಬಾಯಿ ಹಾಕಿತೆಂದು ಕೂಗು ಕೇಳಿ, ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ಎದ್ದುಹೋದಳು. ಅಷ್ಟರಲ್ಲಿ ಅವನು ತಟ್ಟೆಗೆ ಉಗುರು ಹಾಕಿ ಕೆರೆದು, ಕಾಗದದಲ್ಲಿ ಮಡಿಸಿ ಜೇಬಿಗಿಟ್ಟುಕೊಂಡಿದ್ದ.

ಮರುದಿನ ಭಾನುವಾರ. ಹೊರಗಿನ ಬೆಳಕು ಬಣ್ಣ ಕೆಡಿಸುತ್ತದೆಂದು ಅವನು ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ ಮೇಜಿನ ದೀಪವೊಂದನ್ನೇ ಹಚ್ಚಿದ. ಥಿನ್ನರಿನ ವಾಸನೆ ಮೂಗಿಗೆ ಅಡರಿತು. ಪಕ್ಕದ ಕೋಣೆಯಲ್ಲಿ ಹೆಂಡತಿ ನಯನ ಮದುವೆ ರವಿಕೆಯೊಂದನ್ನು ಚೌಕಟ್ಟಿಗೆ ಬಿಗಿದು ಕಸೂತಿ ಹಾಕುತ್ತಿದ್ದಳು. ಸೂಜಿ ಬಟ್ಟೆಯನ್ನು ತೂರುವ ಸದ್ದು ಟಪ್, ಟಪ್ ಎಂದು ಕೇಳುತ್ತಿತ್ತು.

ಕೈಯಲ್ಲಿದ್ದದ್ದು ಮೊದಲ ಮಹಾಯುದ್ಧದ ಕಾಲದ ಮೈಸೂರು ಕುದುರೆ ಪಡೆಯ ಸವಾರ. ತಲೆಗೆ ರುಮಾಲು. ಮುಖ ನೆಲ್ಲಿಕಾಯಿಯಷ್ಟು. ಭೂತಗನ್ನಡಿಯ ಕೆಳಗೆ ಹಿಡಿದು, ಉಸಿರು ಕಟ್ಟಿ, ಮೂರೇ ಕೂದಲು ಉಳಿದ ಕುಂಚದಿಂದ ಬಿಳಿ ಇಟ್ಟ. ಬಿಳಿಯ ಮೇಲೆ ಕಂದು. ಕಂದಿನ ನಡುವೆ ಕಾಡಿಗೆಯ ಒಂದು ಚುಕ್ಕೆ. ಬಲಗಣ್ಣಾಯಿತು. ಎಡಗಣ್ಣಿಗೂ ಚುಕ್ಕೆ ಬಿತ್ತು.

ಟಪ್ ಟಪ್ ಸದ್ದು ಕೇಳದಾಯಿತು. ಕೋಣೆಯಲ್ಲಿ ಸುಟ್ಟ ಹರಳೆಣ್ಣೆಯ ವಾಸನೆ ಎದ್ದಿತು. ಬೂದುಬಣ್ಣದ ಬರಿಯ ಮೊಗದಲ್ಲಿ ಎರಡು ಕಣ್ಣು ಅವನನ್ನು ನೋಡುತ್ತಿದ್ದವು. ಕತ್ತನ್ನು ಎಡಕ್ಕೆ ವಾಲಿಸಿದ. ಅವೂ ಎಡಕ್ಕೆ ಬಂದವು.

"ಲೆನ್ಸಿನ ಮೋಸ," ಅಂದುಕೊಂಡು ಚರ್ಮದ ಬಣ್ಣ ಕಲಸಿದ.

ಆಮೇಲೆ ಕೈ ತಾನಾಗಿ ಓಡಿತು. ಎಲ್ಲಿ ನೆರಳು, ಎಲ್ಲಿ ಹೊಳಪು ಎಂದು ಯೋಚಿಸಬೇಕಾಗಲೇ ಇಲ್ಲ. ಗಲ್ಲದಲ್ಲೊಂದು ಗುಳಿ ಮೂಡಿತು. ಬಲ ಹುಬ್ಬಿನ ಮೇಲೆ ಸೀಳು ಗಾಯದ ಗುರುತು ಮೂಡಿತು. ಅವನ ಕೈಯಿಂದ ಇಂಥ ಕೆಲಸ ಹಿಂದೆ ಬಂದಿರಲಿಲ್ಲ.

ಕಾಫಿ ತಂದ ನಯನ ಬಗ್ಗಿ ನೋಡಿದಳು. "ಅಯ್ಯೋ, ನಿಮ್ದೇ ಮುಖ ಬರ್ದಿದ್ದೀರಲ್ಲ ರೀ! ಕನ್ನಡಿ ಇಟ್ಕೊಂಡಿದ್ರಾ?"

ಅಮೃತೇಶ ಗಲ್ಲ ಮುಟ್ಟಿಕೊಂಡ. ತಣ್ಣಗಿತ್ತು.

ಸೋಮವಾರ ಬೆಳಗ್ಗೆ ಅವನು ಏಳುವಷ್ಟರಲ್ಲಿ ನಯನ ರವಿಕೆ ಕೊಡಲು ಬನ್ನೂರಿಗೆ ಹೊರಟುಹೋಗಿದ್ದಳು. ಮುಖ ತೋರಿಸಿದರೂ ಮೊಬೈಲು ತೆರೆಯಲಿಲ್ಲ. ಕಚೇರಿಯಲ್ಲಿ ಹಾಜರಿಯ ಯಂತ್ರದ ಮುಂದೆ ನಿಂತ; ಕೆಂಪು ದೀಪ ಬಂತು. ಮತ್ತೆ ನಿಂತ, ಮತ್ತೆ ಕೆಂಪು. ಕಾವಲಿನ ಮಹಾದೇವಸ್ವಾಮಿ ಎದ್ದು ಬಂದ.

"ಯಾರ್ ಬೇಕಾಗಿತ್ತು ಸಾ?"

"ಏಯ್, ನಾನು ಕಣಯ್ಯ, ಅಮೃತೇಶ!"

"ಸಾಹೇಬ್ರ ದನಿ ಚೆಂದಾಗ್ ಮಾಡ್ತೀರಿ ಬುಡಿ. ಈಗ ಆಚೆ ನಡೀರಿ, ಮ್ಯಾನೇಜರ್ ಬತ್ತಾರೆ."

ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡ. ಬೆಳಗ್ಗೆಯಿಂದ ಮಸುಕಾಗುತ್ತಿದ್ದ ಮುಖ ಈಗ ನೋಡುತ್ತಿದ್ದಂತೆಯೇ ಕರಗುತ್ತಿತ್ತು. ಹುಬ್ಬಿಲ್ಲ. ಗಾಯದ ಗುರುತಿಲ್ಲ. ಗಲ್ಲದ ಗುಳಿ ತುಂಬಿಹೋಗಿತ್ತು. ಮೂಗು ಕರಗಿದ ಮೇಣದ ಹಾಗೆ ಕೆನ್ನೆಗೆ ಇಳಿದಿತ್ತು. ತುಟಿಗಳೆರಡೂ ತೆಳ್ಳಗಾಗಿ, ಮೂಲೆಗಳಲ್ಲಿ ಆಗಲೇ ಒಂದಕ್ಕೊಂದು ಅಂಟಿದ್ದವು. ಎಲ್ಲ ನುಣ್ಣಗೆ. ಬಣ್ಣ ಬಳಿಯದ ರೆಸಿನ್ನಿನ ಹಾಗೆ.

ಕರವಸ್ತ್ರ ಕಟ್ಟಿಕೊಂಡು ಗೋವಿಂದಮ್ಮನ ಸೂರಿಗೆ ಓಡಿಬಂದ. ಬಟ್ಟೆ ಸರಿಸಿದೊಡನೆ ಅವಳು ಗೋಡೆಗೆ ಒರಗಿಬಿಟ್ಟಳು.

"ಕದ್ದ್ರಾ ಸಾ? ಅಮ್ಮನ ಕಾಡಿಗೆ ಕದ್ದ್ರಾ?"

"ಒಡೆದು ಹಾಕ್ಲಾ ಅಜ್ಜಿ ಅದನ್ನ?"

"ಒಡೆದ್ರೆ ನಿಮ್ ಮೊಕಾನೂ ಒಡೀತದೆ. ಮೈ ಬಣ್ಣ ಬಳ್ದು ಅದ್ರ ಕಣ್ಣ ಮುಚ್ಚಬೇಕು. ಮುಚ್ಚಿದ್ರೆ ಮೊಕ ವಾಪಸ್ ಬತ್ತದೆ. ಒತ್ತು ಮುಳುಗಾದ್ರೊಳಗೆ ಮುಚ್ಚಿ. ಆಮ್ಯಾಕೆ ಬಾಯಿ ಕೂಡ್ಕತದೆ, ಮೂಗು ಕೂಡ್ಕತದೆ."

ಅವನು ಹೊರಡಲು ಎದ್ದ.

"ನಿಂತ್ಕಳಿ. ಒಂದು ಮುಚ್ಚಿದ್ರೆ ಮುಚ್ಚಿದೋರ ಒಂದು ಕಣ್ಣು ಓಯ್ತದೆ. ಎರಡೂ ಮುಚ್ಚಿದ್ರೆ ಎರಡೂ." ಅವಳು ತನ್ನ ಬಿಳಿಗಣ್ಣಿನ ಮೇಲೆ ಬೆರಳಿಟ್ಟಳು. "ನಮ್ಮಣ್ಣ ಒಂದೇ ಕಣ್ಣ ಬುಡ್ಸಿದ್ದ. ನಾನು ಮುಚ್ಚಿದೆ."

ಅಮೃತೇಶ ಕರವಸ್ತ್ರವನ್ನು ಮತ್ತೆ ಮುಖಕ್ಕೆ ಕಟ್ಟಿಕೊಂಡ. "ಹಾಗಾದ್ರೆ ಬಿಡಿಸಿದವನೇ ಮುಚ್ಚಬೇಕು ಅಂತಿಲ್ಲ?"

"ಯಾಕ್ ಕೇಳ್ತೀರಿ?"

ಅವನು ಆಗಲೇ ಗೋಡೆ ದಾಟಿದ್ದ.

ನಯನ ಆಗತಾನೇ ಬನ್ನೂರಿನಿಂದ ಬಂದಿದ್ದಳು. ಅವನನ್ನು ಕಂಡು ಕಿರುಚಲಿಲ್ಲ. ದನಿಯಿಂದ ಗುರುತು ಹಿಡಿದಳು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಆ ನುಣ್ಣನೆಯ ಚರ್ಮವನ್ನು ಒರೆಸಿದಳು, ಹಣೆಗೆ ವಿಭೂತಿ ಹಚ್ಚಿದಳು. ಅಳುತ್ತಲೇ ಇದ್ದಳು.

"ನಂಜನಗೂಡಿಗೆ ಹೋಗೋಣ ರೀ. ಎಂತೆಂಥಾ ಕಾಯಿಲೆನೋ ವಾಸಿ ಮಾಡಿದಾನೆ ನಂಜುಂಡ. ನಾನು ಉರುಳುಸೇವೆ ಮಾಡ್ತೀನಿ. ಈಗಲೇ ಕಾರ್ ಹೇಳ್ಲಾ?"

"ಬೇಡ. ಗೊಂಬೆ ಕಣ್ಣಿನ ಮೇಲೆ ಎರಡು ಚುಕ್ಕೆ ಬಣ್ಣ ಇಟ್ರೆ ಸಾಕಂತೆ, ಗೋವಿಂದಮ್ಮ ಹೇಳಿದ್ಳು. ನನ್ನ ಕೈ ನಡುಗ್ತಿದೆ ನಯನ. ನಿಂದು ಸೂಜಿ ಹಿಡಿದ ಕೈ."

"ಅಷ್ಟೇನಾ?"

"ಅಷ್ಟೇ."

ಅವಳು ಕಣ್ಣೊರೆಸಿಕೊಂಡು ಬಂದು ಕುಳಿತಳು. ಗೊಂಬೆ ಅವಳತ್ತ ನೋಡಿತು. ಅದು ಅವಳ ಗಂಡನ ಮುಖ, ಒಂದು ಗೆರೆಯೂ ತಪ್ಪದಂತೆ. ಕುಂಚವನ್ನು ಬಣ್ಣಕ್ಕೆ ಅದ್ದಿ, "ಅಪ್ಪಾ ನಂಜುಂಡಾ" ಎಂದು ಗೊಂಬೆಯ ಎಡಗಣ್ಣಿನ ಮೇಲಿಟ್ಟಳು.

ಅಮೃತೇಶನ ಮುಖದ ಎಡಭಾಗ ಬೆಂಕಿ ಹತ್ತಿದಂತೆ ಉರಿಯಿತು. ಮುಟ್ಟಿ ನೋಡಿಕೊಂಡ. ಹುಬ್ಬು ಬಂದಿತ್ತು. ತುಟಿ ಬಂದಿತ್ತು. "ಬಂತು!" ಎಂದು ಕೂಗಿದ. "ಬಂತು ನಯನ! ಇನ್ನೊಂದು ಬೇಗ ಹಚ್ಚು!"

ನಯನ ಕುಂಚ ಹಿಡಿದೇ ಕುಳಿತಿದ್ದಳು. ಅವಳ ಎಡಗಣ್ಣಿನಿಂದ ಹಾಲಿನಂಥ ನೀರು ಇಳಿಯುತ್ತಿತ್ತು.

"ರೀ, ಈ ಕಡೆ ಕತ್ತಲಾಗೋಯ್ತು."

"ಆಮೇಲೆ ನೋಡೋಣ. ಮೊದ್ಲು ಹಚ್ಚು."

ಅವಳು ನಿಧಾನವಾಗಿ ಅವನತ್ತ ತಿರುಗಿದಳು. ಅರ್ಧ ಗಂಡ, ಅರ್ಧ ಮೇಣ.

"ನಿಮಗೆ ಮೊದ್ಲೇ ಗೊತ್ತಿತ್ತಾ?"

ಅವನು ನೆಲ ನೋಡಿದ.

"ಗೊತ್ತಿತ್ತಾ ಅಂದೆ."

"ನನ್ನ ಕಣ್ಣು ಹೋದ್ರೆ ನಾನು ಬದುಕಿ ಏನು ಮಾಡ್ಲಿ ನಯನ? ನಿಂದು ರವಿಕೆ ಕೆಲಸ. ಯಾವಾಗ ಬೇಕಾದ್ರೂ ಬಿಡಬಹುದು. ನಾನು ಕೈ ಹಿಡಿದು ಓಡಾಡಿಸ್ತೀನಲ್ಲ?"

ಗೋಡೆಯಾಚೆ ಆಡು ಕೂಗಿತು. ನಯನ ಕುಂಚವನ್ನು ತೊಳೆದಳು. ತುದಿಯನ್ನು ಬೆರಳಲ್ಲಿ ಚೂಪು ಮಾಡಿ, ಹೊಸದಾಗಿ ಬಣ್ಣ ಅದ್ದಿ, ಅವನ ಕೈಗೆ ಕೊಟ್ಟಳು.

"ಒಂದು ನಾನು ಕೊಟ್ಟಿದ್ದೀನಿ. ಇನ್ನೊಂದು ನೀವು ಕೊಡಿ. ನಿಮಗೂ ಒಂದು ಉಳಿಯುತ್ತೆ."

ಎದುರಿಗೆ ಕುರ್ಚಿ ಎಳೆದು ಕೂತಳು. ಆಗ ಮಧ್ಯಾಹ್ನ ಎರಡು ಗಂಟೆ.

ಅವನು ಕುಂಚ ಎತ್ತಿದ. ಗೊಂಬೆಯ ಉಳಿದೊಂದು ಕಣ್ಣು ಕುಂಚದ ತುದಿಯನ್ನು ನೋಡಿತು. ಆಮೇಲೆ ಅವನನ್ನು ನೋಡಿತು. ಕೈ ಇಳಿಸಿದ. ಮತ್ತೆ ಎತ್ತಿದ. ಒಂದೇ ಚುಕ್ಕೆ. ಎಳ್ಳಿನಷ್ಟು. ಆದರೆ ಒಂದು ಕಣ್ಣಿನವನಿಗೆ ಆಳ ತಿಳಿಯುವುದಿಲ್ಲ. ಕುಂಚ ಎಲ್ಲಿ ತಾಗಿತೆಂದು ಗೊತ್ತಾಗುವುದಿಲ್ಲ. ಇನ್ನು ಮುಖ ಬರೆಯುವುದು ಸಾಧ್ಯವಿಲ್ಲ. ಕೈ ಇಳಿಸಿದ.

ಮೂರು ಹೊಡೆಯಿತು. "ಮತ್ತೆ ಹೋಗ್ತಾ ಇದೆ," ಅಂದಳು ನಯನ. ಹೌದು, ಬಂದಿದ್ದ ಹುಬ್ಬು ಉದುರುತ್ತಿತ್ತು. ಕಣ್ಣೊಂದು ತೆರೆದಿರುವ ತನಕ ಅದು ಎಳೆಯುತ್ತಲೇ ಇತ್ತು. ಕುಂಚದ ಬಣ್ಣ ಒಣಗಿತು. ಅವಳು ಮತ್ತೆ ಅದ್ದಿ ಕೊಟ್ಟಳು. ನಾಲ್ಕು. ತುಟಿ ಅಂಟತೊಡಗಿತು. ಮತ್ತೆ ಅದ್ದಿ ಕೊಟ್ಟಳು. ಐದು. ಅವನು ಕುಂಚ ಎತ್ತಿದ. ಇಳಿಸಿದ. ಎತ್ತಿದ. ಬೆವರು ಇಳಿಯಲು ಮುಖದಲ್ಲಿ ತಗ್ಗಿರಲಿಲ್ಲ. ಮೂಗಿನ ಹೊಳ್ಳೆ ಸಾಸಿವೆಯಷ್ಟಾಯಿತು. ಉಸಿರು ಸಿಳ್ಳೆ ಹೊಡೆಯಿತು.

"ನೀ..." ಅಂದ. "ನೀನೇ ಹ..."

ಬಾಯಿ ಕೂಡಿಕೊಂಡಿತು.

ಆಚೆ ಸಂಗಮದ ನೀರಿನ ಮೇಲೆ ಬಿಸಿಲು ಕೆಂಪಾಗಿತ್ತು. ನಯನ ಎದ್ದು, ಒಳ್ಳೆಯ ರೇಷ್ಮೆಯ ತುಂಡೊಂದನ್ನು ಹುಡುಕಿ ತಂದು ಗೊಂಬೆಯನ್ನು ಸುತ್ತಿದಳು. ಅದರ ಕೆನ್ನೆ ಬೆಚ್ಚಗಿತ್ತು. ತುಟಿ ತುಸು ತೆರೆದಿತ್ತು.

ಬಾಗಿಲಲ್ಲಿ ಗೋವಿಂದಮ್ಮ ಏದುಸಿರು ಬಿಡುತ್ತ ನಿಂತಿದ್ದಳು. ನಯನಳ ಬಿಳಿಗಣ್ಣು ಕಂಡು ಅವಳ ಕೈ ತಾನಾಗಿ ತನ್ನ ಕಣ್ಣಿಗೆ ಹೋಯಿತು.

"ಮಗಾ... ಎಲ್ಲವ್ವ ನಿನ್ ಗಂಡ?"

ನಯನ ಗಂಟನ್ನು ಎದೆಗೊತ್ತಿಕೊಂಡಳು. "ಇಲ್ಲಿದಾರೆ. ಕವಲಂದೆಗೆ ಕರ್ಕೊಂಡು ಹೋಗ್ತೀನಿ, ನನ್ನ ತವರಿಗೆ."

ಗೋವಿಂದಮ್ಮ ಒಳಗೆ ಇಣುಕಿದಳು. ದೀಪದ ಕೆಳಗೆ, ಕುಂಚ ಹಿಡಿದು ಕುಳಿತ ಒಂದು ಮುಖವಿಲ್ಲದ ಮೈ ಮೇಜನ್ನು ಉಗುರಿನಿಂದ ಕೆರೆಯುತ್ತಿತ್ತು.

"ಅಂಗಾರೆ ಅಲ್ ಕೂತಿರೋರು?"

"ಗೊತ್ತಿಲ್ಲ ಅಜ್ಜಿ," ಅಂದಳು ನಯನ. "ಮುಖ ನೋಡಿದ್ರೆ ನಮ್ಮೋರಲ್ಲ."

ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು.